ಪಾಳುಬಿದ್ದ ಹಾಲಿಡೇ ಕ್ಯಾಂಪಿನೊಳಗೆ ಮಗಳನ್ನು ಕರೆದುಕೊಂಡು ಹೋಗಬಹುದೇ?

ಓದುಗರ ಪ್ರಶ್ನೆ:

ಸರ್, ನಾವು ದಾವಣಗೆರೆಯವರು. ಆರು ವರ್ಷದಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇವೆ. ಪಕ್ಕದ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜಿಯೊಬ್ಬರಿದ್ದಾರೆ. ಹದಿನೇಳನೇ ವಯಸ್ಸಿನಲ್ಲಿ ಅವರು ಫೈಲಿ ಎಂಬ ಊರಿನ ಬಟ್ಲಿನ್ಸ್ ಹಾಲಿಡೇ ಕ್ಯಾಂಪಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಹಾಸುವ ಕೆಲಸಕ್ಕಿದ್ದರಂತೆ. ಅವರ ಕಥೆ ಕೇಳಿ ಕೇಳಿ ನನ್ನ ಹತ್ತು ವರ್ಷದ ಮಗಳು ಅಂಥ ಕ್ಯಾಂಪ್ ನೋಡಲೇಬೇಕು ಅಂತ ಹಟ ಹಿಡಿದಿದ್ದಾಳೆ. ಫೈಲಿಯಲ್ಲಿ ಈಗ ಏನೂ ಉಳಿದಿಲ್ಲ ಅಂತ ಅಜ್ಜಿ ಹೇಳುತ್ತಾರೆ. ಆದರೆ ನನ್ನ ಗಂಡನ ಆಫೀಸಿನವರೊಬ್ಬರು ಸಮುದ್ರದ ಪಕ್ಕ ಮುಚ್ಚಿ ಪಾಳುಬಿದ್ದಿರುವ ಇನ್ನೊಂದು ಕ್ಯಾಂಪಿನ ವಿಡಿಯೊ ತೋರಿಸಿದರು. ಬೇಲಿ ಒಂದು ಕಡೆ ಹರಿದಿದೆ, ಸುಲಭವಾಗಿ ಒಳಗೆ ಹೋಗಬಹುದು, ಇಂಗ್ಲೆಂಡಿನಲ್ಲಿ ಅದು ಅಪರಾಧವೇ ಅಲ್ಲ ಅನ್ನುತ್ತಾರೆ. ಗೇಟಿನ ಮೇಲೆ ಆಸ್ಬೆಸ್ಟಾಸ್ ಇದೆ ಎಂಬ ಬೋರ್ಡು ಇದೆ. ನಾನು ಹುಟ್ಟಿ ಬೆಳೆದದ್ದೇ ಸಿಮೆಂಟ್ ಶೀಟಿನ ಮನೆಯಲ್ಲಿ. ನಮಗೇನೂ ಆಗಿಲ್ಲವಲ್ಲ? ಯುದ್ಧದ ಕಾಲದಲ್ಲಿ ಇವೆಲ್ಲ ಜೈಲುಗಳಾಗಿದ್ದವು, ದೆವ್ವ ಇದೆ ಅಂತಲೂ ವಿಡಿಯೊದಲ್ಲಿ ಹೇಳುತ್ತಾರೆ. ಮಾಸ್ಕ್ ಹಾಕಿಕೊಂಡು ಅರ್ಧ ಗಂಟೆ ನೋಡಿ ಬಂದರೆ ಪರವಾಗಿಲ್ವಾ?

ಉತ್ತರ:

ನಿಮ್ಮ ಪತ್ರ ಓದಿ ಖುಷಿಯಾಯಿತು. ಪಕ್ಕದ ಮನೆಯ ಅಜ್ಜಿಯ ಹದಿನೇಳನೇ ವಯಸ್ಸಿನ ಕೆಲಸದ ಬಗ್ಗೆ ನಿಮ್ಮ ಮಗಳಿಗೆ ಇಷ್ಟು ಕುತೂಹಲ ಇದೆ ಅಂದರೆ ಅದನ್ನು ಹಾಳುಮಾಡಬಾರದು. ಆದರೆ ಬೇಲಿ ದಾಟಿ ಒಳಗೆ ಹೋಗಬೇಡಿ. ಮಾಸ್ಕ್ ಹಾಕಿಕೊಂಡೂ ಬೇಡ, ಅರ್ಧ ಗಂಟೆಗೂ ಬೇಡ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ. ಮಗಳ ಆಸೆ ಈಡೇರಿಸಲು ಬೇರೆ ದಾರಿಗಳಿವೆ, ಅವನ್ನೂ ಹೇಳುತ್ತೇನೆ.

ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಇಂಗ್ಲೆಂಡಿನಲ್ಲಿ ಹಳೆಯ ಕಟ್ಟಡಗಳ ತಪಾಸಣೆ ಮಾಡುತ್ತಿದ್ದೇನೆ. ಕಟ್ಟಡ ಕೆಡವುವ ಮೊದಲು ಅದರಲ್ಲಿ ಎಲ್ಲೆಲ್ಲಿ ಏನೇನಿದೆ ಅಂತ ನೋಡುವುದು ನನ್ನ ಕೆಲಸ. ಇಂಥ ಕ್ಯಾಂಪುಗಳೊಳಗೆ ಹೋಗಿದ್ದೇನೆ. ಅನುಮತಿ ತೆಗೆದುಕೊಂಡು, ಮೈತುಂಬ ಬಿಸಾಡುವ ಉಡುಪು ಹಾಕಿಕೊಂಡು, ಜೊತೆಗೆ ಇನ್ನೊಬ್ಬರನ್ನು ಇಟ್ಟುಕೊಂಡು.

ಮೊದಲು ಕ್ಯಾಂಪಿನ ಕಥೆ ಹೇಳಿಬಿಡುತ್ತೇನೆ. ನಮಗೆ ಕ್ಯಾಂಪ್ ಅಂದರೆ ಎನ್‌ಸಿಸಿ ಅಥವಾ ನಿರಾಶ್ರಿತರ ಶಿಬಿರ ನೆನಪಾಗುತ್ತದೆ. ಇಲ್ಲಿನ ಹಾಲಿಡೇ ಕ್ಯಾಂಪ್ ಅಂದರೆ ಕೂಲಿ ಕಾರ್ಮಿಕರು, ಗಿರಣಿ ಕೆಲಸದವರು, ಗುಮಾಸ್ತರು ಹೆಂಡತಿ ಮಕ್ಕಳ ಜೊತೆ ಒಂದು ವಾರ ಕಳೆಯುತ್ತಿದ್ದ ಜಾಗ. ಸಮುದ್ರದ ಪಕ್ಕ ಸಾಲು ಸಾಲಾಗಿ ಪುಟ್ಟ ಪುಟ್ಟ ಕೋಣೆ-ಮನೆಗಳು. ಅವಕ್ಕೆ ಶ್ಯಾಲೆ ಅನ್ನುತ್ತಾರೆ. ನಡುವೆ ದೊಡ್ಡ ಊಟದ ಹಾಲ್, ಈಜುಕೊಳ, ಕುಣಿಯುವ ಬಾಲ್‌ರೂಮ್, ನಾಟಕದ ಮನೆ. ಊಟ, ಆಟ, ಹಾಡು ಎಲ್ಲಕ್ಕೂ ಸೇರಿ ಒಂದೇ ದರ.

ಇದನ್ನು ಶುರುಮಾಡಿದ್ದು ಬಟ್ಲಿನ್ ಅಂತ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. 1890ರ ದಶಕದಲ್ಲೇ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಜೋಸೆಫ್ ಕನಿಂಗ್‌ಹ್ಯಾಮ್ ಎಂಬುವವರು ಯುವಕರಿಗಾಗಿ ಡೇರೆ ಹಾಕಿ ಕ್ಯಾಂಪ್ ನಡೆಸುತ್ತಿದ್ದರು. 1906ರಲ್ಲಿ ನಾರ್ಫೋಕ್‌ನ ಕೇಸ್ಟರ್‌ನಲ್ಲಿ ಸಮಾಜವಾದಿಗಳ ಕ್ಯಾಂಪ್ ಬಂತು. ಅಲ್ಲಿ ಹೆಂಡಕ್ಕೆ ನಿಷೇಧವಿತ್ತು. ಬಟ್ಲಿನ್ ಮಾಡಿದ್ದು ಇದನ್ನು ದೊಡ್ಡದು ಮಾಡಿದ್ದು. ಬಿಲ್ಲಿ ಬಟ್ಲಿನ್ ಹುಟ್ಟಿದ್ದು 1899ರಲ್ಲಿ, ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ. ಜಾತ್ರೆಯಲ್ಲಿ ಬಳೆ ಎಸೆಯುವ ಆಟದ ಅಂಗಡಿಯಿಂದ ಮೇಲೆ ಬಂದವರು. ಆ ಕಾಲದಲ್ಲಿ ಸಮುದ್ರತೀರಕ್ಕೆ ರಜೆಗೆ ಹೋದವರು ಬಾಡಿಗೆ ಕೋಣೆಯಲ್ಲಿ ಉಳಿಯುತ್ತಿದ್ದರು. ಬೆಳಗಿನ ತಿಂಡಿ ಆದ ಮೇಲೆ ಮನೆಯೊಡತಿ ಅವರನ್ನು ಹೊರಗೆ ಕಳಿಸಿಬಿಡುತ್ತಿದ್ದರು. ಸಂಜೆಯವರೆಗೆ ವಾಪಸು ಬರುವಂತಿಲ್ಲ. ಮಳೆ ಬಂದರೂ ಅಷ್ಟೆ. ವೇಲ್ಸ್‌ನ ಬ್ಯಾರಿ ಐಲ್ಯಾಂಡ್‌ನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮಳೆಯಲ್ಲಿ ಸುಮ್ನೆ ಅಲೆಯುತ್ತಿದ್ದವರನ್ನು ನೋಡಿ ತನಗೆ ಕ್ಯಾಂಪಿನ ಯೋಚನೆ ಹೊಳೆಯಿತು ಅಂತ ಬಟ್ಲಿನ್ ಹೇಳಿಕೊಂಡಿದ್ದರು. 1936ರ ಈಸ್ಟರ್ ಹೊತ್ತಿಗೆ ಸ್ಕೆಗ್ನೆಸ್‌ನಲ್ಲಿ ಮೊದಲ ಕ್ಯಾಂಪ್ ತೆರೆದರು. ವಾರಕ್ಕೆ 35 ಶಿಲಿಂಗ್‌ನಿಂದ 3 ಪೌಂಡ್ (ಆಗ 20 ಶಿಲಿಂಗ್ ಸೇರಿದರೆ ಒಂದು ಪೌಂಡ್), ದಿನಕ್ಕೆ ಮೂರು ಹೊತ್ತು ಊಟ ಸೇರಿ. ಒಂದು ವಾರದ ಸಂಬಳಕ್ಕೆ ಒಂದು ವಾರದ ರಜೆ ಅನ್ನುವುದು ಅವರ ಜಾಹೀರಾತಿನ ಮಾತು. 1938ರಲ್ಲಿ ಸಂಬಳ ಸಹಿತ ರಜೆಯ ಕಾಯ್ದೆ ಬಂತು. ಅದೇ ವರ್ಷ ಕ್ಲಾಕ್ಟನ್‌ನಲ್ಲಿ ಎರಡನೇ ಕ್ಯಾಂಪ್ ತೆರೆಯಿತು.

ಮೂರನೆಯದು ನಿಮ್ಮ ಅಜ್ಜಿಯ ಫೈಲಿ. 1939ರಲ್ಲಿ ಕಟ್ಟಲು ಶುರುಮಾಡಿದರು. ಅಷ್ಟರಲ್ಲಿ ಯುದ್ಧ ಬಂತು. ಕ್ಯಾಂಪ್ ವಾಯುಪಡೆಯ ಕೈಗೆ ಹೋಯಿತು. ರಜೆಗೆ ಬರುವವರಿಗೆ ಅದು ತೆರೆದದ್ದು 1945ರಲ್ಲಿ. 1947ರಲ್ಲಿ ಕ್ಯಾಂಪಿಗೆಂದೇ ಒಂದು ರೈಲ್ವೆ ನಿಲ್ದಾಣ ಮಾಡಿದರು. ಬೇಸಿಗೆಯ ಶನಿವಾರಗಳಂದು ರೈಲುಗಳು ನೇರ ಅಲ್ಲಿಗೇ ಬರುತ್ತಿದ್ದವು. ಭರ್ತಿ ದಿನಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಒಂದೇ ಸಲಕ್ಕೆ ಅಲ್ಲಿ ಇರುತ್ತಿದ್ದರು. ಅದು ನಮ್ಮ ಕಡೆಯ ಒಂದು ಹೋಬಳಿ ಪಟ್ಟಣದಷ್ಟು ಜನ. ನಿಮ್ಮ ಅಜ್ಜಿಗೆ ಈಗ ಎಪ್ಪತ್ತೆಂಟು ಅಂದರೆ ಅವರು ಅಲ್ಲಿದ್ದದ್ದು 1960ರ ದಶಕದ ನಡುವೆ. ಕ್ಯಾಂಪ್ ತುಂಬಿ ತುಳುಕುತ್ತಿದ್ದ ಕಾಲ. ಶನಿವಾರ ಬೆಳಿಗ್ಗೆ ಒಂದು ವಾರದ ಜನ ಹೋಗಿ, ಮಧ್ಯಾಹ್ನ ಇನ್ನೊಂದು ವಾರದ ಜನ ಬರುತ್ತಿದ್ದರು. ನಡುವಿನ ಕೆಲವೇ ಗಂಟೆಗಳಲ್ಲಿ ಅಷ್ಟೂ ಕೋಣೆಗಳ ಹಾಸಿಗೆ ಬದಲಾಗಬೇಕಿತ್ತು. ಹದಿನೇಳರ ಹುಡುಗಿಗೆ ಅದೆಷ್ಟು ಕೆಲಸ ಅಂತ ಯೋಚಿಸಿ.

ಇಷ್ಟು ದೊಡ್ಡದಾಗಿದ್ದದ್ದು ಯಾಕೆ ಮುಚ್ಚಿತು? ವಿಡಿಯೊಗಳಲ್ಲಿ ಏನೋ ನಿಗೂಢ ಕಾರಣ ಇದೆ ಅನ್ನುವಂತೆ ತೋರಿಸುತ್ತಾರೆ. ನಿಗೂಢ ಏನೂ ಇಲ್ಲ. ವಿಮಾನ ಅಗ್ಗವಾಯಿತು. 1960, 70ರ ದಶಕದಲ್ಲಿ ಪ್ಯಾಕೇಜ್ ಟೂರ್‌ಗಳು ಬಂದವು. ಅದೇ ದುಡ್ಡಿಗೆ ಸ್ಪೇನಿನಲ್ಲಿ ಗ್ಯಾರಂಟಿ ಬಿಸಿಲು ಸಿಗುತ್ತಿತ್ತು. ಜನರ ಕೈಗೆ ಕಾರು ಬಂತು. ಸಾಲು ಕೋಣೆ, ಗಂಟೆ ಹೊಡೆದಾಗ ಊಟ, ಧ್ವನಿವರ್ಧಕದಲ್ಲಿ ಬೆಳಗಿನ ನಮಸ್ಕಾರ ಇವೆಲ್ಲ ಹೊಸ ತಲೆಮಾರಿಗೆ ಹಿಡಿಸಲಿಲ್ಲ. 1972ರಲ್ಲಿ ಬಟ್ಲಿನ್ಸ್ ಕಂಪನಿಯನ್ನು ರ‍್ಯಾಂಕ್ ಸಂಸ್ಥೆ 4.3 ಕೋಟಿ ಪೌಂಡಿಗೆ ಕೊಂಡಿತು. 1977ರಲ್ಲಿ ಫೈಲಿಯ ಕ್ಯಾಂಪ್ ನಿಲ್ದಾಣ ಮುಚ್ಚಿತು. 1983ರಲ್ಲಿ ಫೈಲಿ, ಕ್ಲಾಕ್ಟನ್ ಎರಡೂ ಕ್ಯಾಂಪ್ ಮುಚ್ಚಿದವು. 1986ರಲ್ಲಿ ಫೈಲಿಯ ಜಾಗದಲ್ಲಿ ಆಮ್‌ಟ್ರೀ ಪಾರ್ಕ್ ಅಂತ ಹೊಸ ಹೆಸರಿಟ್ಟು ಮತ್ತೆ ತೆರೆದರು. ಆರೇ ವಾರ ನಡೆಯಿತು. ಆಮೇಲೆ ವರ್ಷಗಟ್ಟಲೆ ಪಾಳುಬಿದ್ದಿದ್ದು, ಕೊನೆಗೆ ನೆಲಸಮವಾಯಿತು. ಈಗ ಅಲ್ಲಿ ‘ದ ಬೇ’ ಎಂಬ ಹೊಸ ರಜೆ-ಮನೆಗಳ ಬಡಾವಣೆ ಇದೆ. ಅಜ್ಜಿ ಹೇಳಿದ್ದು ಸರಿ.

ಮುಚ್ಚುವ ಕೆಲಸ ಇನ್ನೂ ನಿಂತಿಲ್ಲ. ಬಟ್ಲಿನ್ಸ್‌ನಂಥದೇ ಇನ್ನೊಂದು ಕಂಪನಿಯಾದ ಪಾಂಟಿನ್ಸ್‌ನ ಪ್ರೆಸ್ಟಾಟಿನ್, ಕ್ಯಾಂಬರ್ ಸ್ಯಾಂಡ್ಸ್ ಕ್ಯಾಂಪುಗಳು 2023ರ ಕೊನೆಗೆ, ಸೌತ್‌ಪೋರ್ಟ್‌ನದು 2024ರ ಶುರುವಿಗೆ ಬಾಗಿಲು ಹಾಕಿದವು. ಹಾಗಾಗಿಯೇ ಇಂಥ ವಿಡಿಯೊಗಳು ಇತ್ತೀಚೆಗೆ ಜಾಸ್ತಿ.

ಜೈಲಿನ ಮಾತಿಗೆ ಬರುತ್ತೇನೆ. ಅದರಲ್ಲಿ ಒಂದು ಪಾಲು ನಿಜ ಇದೆ. ಮೊದಲ ಮಹಾಯುದ್ಧದಲ್ಲಿ ಐಲ್ ಆಫ್ ಮ್ಯಾನ್‌ನ ಕನಿಂಗ್‌ಹ್ಯಾಮ್ ಕ್ಯಾಂಪಿನಲ್ಲಿ ಬ್ರಿಟನ್ನಿನಲ್ಲಿದ್ದ ಜರ್ಮನ್ ನಾಗರಿಕರನ್ನು ಕೂಡಿಹಾಕಿದ್ದರು. 1914ರ ನವೆಂಬರ್‌ನಲ್ಲಿ ಅಲ್ಲಿ ಗಲಾಟೆಯಾಗಿ, ಕಾವಲುಗಾರರು ಗುಂಡು ಹಾರಿಸಿ ಕೈದಿಗಳು ಸತ್ತರು. ಇದು ದಾಖಲಾದ ಸಂಗತಿ. ಆದರೆ ಎಲ್ಲ ಕ್ಯಾಂಪೂ ಜೈಲಾಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸ್ಕೆಗ್ನೆಸ್ ಕ್ಯಾಂಪ್ ‘ಎಚ್‌ಎಂಎಸ್ ರಾಯಲ್ ಆರ್ಥರ್’ ಎಂಬ ನೌಕಾಪಡೆಯ ತರಬೇತಿ ಶಾಲೆಯಾಗಿತ್ತು. ಸ್ಕಾಟ್ಲೆಂಡಿನ ಏರ್ ಮತ್ತು ವೇಲ್ಸ್‌ನ ಪುಲ್ಹೆಲಿಯ ಬಟ್ಲಿನ್ಸ್ ಕ್ಯಾಂಪುಗಳಂತೂ ನೌಕಾಪಡೆಗೆಂದೇ ಕಟ್ಟಿಸಿ, ಯುದ್ಧ ಮುಗಿದ ಮೇಲೆ 1947ರಲ್ಲಿ ರಜೆಗೆ ತೆರೆದಂಥವು. ದೆವ್ವದ ಬಗ್ಗೆ ಮಗಳಿಗೆ ಇಷ್ಟು ಹೇಳಿ: ಕಡಲಗಾಳಿಗೆ ಕಿತ್ತುಬಂದ ತಗಡು ಬಡಿದುಕೊಳ್ಳುತ್ತದೆ, ಫಾಲ್ಸ್ ಸೀಲಿಂಗ್ ಮೇಲೆ ಪಾರಿವಾಳ ನಡೆದಾಡುತ್ತವೆ. ನಾನು ಕೇಳಿದ ಸದ್ದೆಲ್ಲ ಇವೇ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಶೀಟು.

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಅಂತ ಒಳ್ಳೆಯ ಹೆಸರಿದೆ. ಕಲ್ಲಿನ ನಾರು. ಹೆಸರಿನಲ್ಲೇ ಎಲ್ಲ ಇದೆ. ಅದು ಕಲ್ಲು, ಹಾಗಾಗಿ ಸುಡುವುದಿಲ್ಲ, ಕೊಳೆಯುವುದಿಲ್ಲ. ಅದು ನಾರು, ಹಾಗಾಗಿ ಉದ್ದುದ್ದಕ್ಕೆ ಸೀಳುತ್ತ ಕಣ್ಣಿಗೆ ಕಾಣದಷ್ಟು ತೆಳ್ಳಗಾಗುತ್ತದೆ. ಆ ಎಳೆ ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೆ ಇಳಿದರೆ ದೇಹ ಅದನ್ನು ಕರಗಿಸಲಾರದು. ಹತ್ತಾರು ವರ್ಷ ಅಲ್ಲೇ ಇರುತ್ತದೆ. ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊದಿಕೆಗೆ ಬರುವ ಮೆಸೊಥೆಲಿಯೋಮ ಎಂಬ ಕ್ಯಾನ್ಸರ್, ಇವು ಅದರಿಂದ ಬರುತ್ತವೆ. ಉಸಿರಾಡಿದ ದಿನಕ್ಕೂ ಕಾಯಿಲೆ ಕಾಣಿಸುವ ದಿನಕ್ಕೂ ಸಾಮಾನ್ಯವಾಗಿ ಮೂವತ್ತು ನಲವತ್ತು ವರ್ಷದ ಅಂತರ ಇರುತ್ತದೆ. ಬ್ರಿಟನ್ ನೀಲಿ ಮತ್ತು ಕಂದು ಕಲ್ನಾರನ್ನು 1985ರಲ್ಲಿ, ಬಿಳಿಯನ್ನು 1999ರಲ್ಲಿ ನಿಷೇಧಿಸಿತು. ಆದರೂ ಹಿಂದಿನ ಸಂಪರ್ಕದಿಂದ ಈ ದೇಶದಲ್ಲಿ ಇವತ್ತಿಗೂ ವರ್ಷಕ್ಕೆ ಸುಮಾರು 5,000 ಜನ ಸಾಯುತ್ತಿದ್ದಾರೆ.

‘ನಮಗೇನೂ ಆಗಿಲ್ಲವಲ್ಲ’ ಅಂದಿರಿ. ನಮ್ಮೂರಲ್ಲೂ ಶೀಟಿನ ಮನೆಗಳಿವೆ, ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ದಾವಣಗೆರೆಯ ಆ ಶೀಟಿನಲ್ಲಿ ಇರುವುದು ಬಹುಪಾಲು ಸಿಮೆಂಟು. ಅದರಲ್ಲಿ ಕಲ್ನಾರು ನೂರಕ್ಕೆ ಹತ್ತು ಹದಿನೈದು ಪಾಲು, ಅದೂ ಬಿಳಿ ಜಾತಿಯದು. ಸಿಮೆಂಟು ಅದನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಕೊರೆಯದೆ, ಒಡೆಯದೆ, ಉಜ್ಜದೆ ಇದ್ದರೆ ಎಳೆ ಹೊರಗೆ ಬರುವುದು ಕಡಿಮೆ. ನೀವು ಅದರ ಕೆಳಗೆ ಮಲಗಿದ್ದಿರಿ, ಅದನ್ನು ಗರಗಸದಲ್ಲಿ ಕೊಯ್ಯಲಿಲ್ಲ. ಅಪಾಯ ಕಡಿಮೆ ಇದ್ದದ್ದಕ್ಕೆ ಕಾರಣ ಅದು. ಅಪಾಯವೇ ಇಲ್ಲ ಅಂತ ಅದರಿಂದ ತೀರ್ಮಾನಿಸುವಂತಿಲ್ಲ. ಶೀಟು ಕೊಯ್ಯುವ, ತೂತು ಹಾಕುವ ಕೆಲಸದವರ ಮಾತೇ ಬೇರೆ.

ಪಾಳುಬಿದ್ದ ಕ್ಯಾಂಪಿನಲ್ಲಿ ಇರುವುದು ಬರೀ ಶೀಟಲ್ಲ. 1950ರಿಂದ 70ರ ದಶಕದವರೆಗೆ ಇಲ್ಲಿ ಕೋಣೆ ಕೋಣೆಯ ನಡುವಿನ ಗೋಡೆಗೆ, ಸೀಲಿಂಗಿಗೆ, ಬಾಗಿಲ ಒಳಪದರಕ್ಕೆ ಕಲ್ನಾರಿನ ಇನ್ಸುಲೇಶನ್ ಹಲಗೆ ಹಾಕುತ್ತಿದ್ದರು. ಬೆಂಕಿ ಹರಡಬಾರದು ಅಂತ. ಆ ಹಲಗೆ ಮೆತ್ತಗಿನದು, ಕೈಯಲ್ಲೇ ಮುರಿಯುತ್ತದೆ. ಅದರಲ್ಲಿ ಸಾಮಾನ್ಯವಾಗಿ ಕಂದು ಜಾತಿಯ ಕಲ್ನಾರು, ನೂರಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ಪಾಲಿನವರೆಗೂ ಇರುತ್ತದೆ. ನೋಡಲು ಜಿಪ್ಸಮ್ ಬೋರ್ಡಿನ ಹಾಗೇ ಇರುತ್ತದೆ. ಇಷ್ಟು ವರ್ಷ ನೋಡಿದ ನನ್ನ ಕಣ್ಣೂ ಅದನ್ನು ಖಚಿತವಾಗಿ ಗುರುತಿಸಲಾರದು. ತುಂಡು ತೆಗೆದು ಲ್ಯಾಬಿಗೆ ಕಳಿಸಲೇಬೇಕು. ಅಡುಗೆಮನೆ, ಬಾಯ್ಲರ್ ಕೋಣೆಗಳ ಕೊಳವೆಗೆ ಸುತ್ತಿದ ಪಟ್ಟಿ ಇನ್ನೂ ಕೆಟ್ಟದ್ದು, ಮುಟ್ಟಿದರೆ ಪುಡಿಯಾಗುತ್ತದೆ.

ಕ್ಯಾಂಪ್ ನಡೆಯುತ್ತಿದ್ದಾಗ ಅದಕ್ಕೆ ಬಣ್ಣ ಬಳಿದು ಮುಚ್ಚಿರುತ್ತಿದ್ದರು. ಅಪಾಯ ಸುಮ್ಮನೆ ಮಲಗಿತ್ತು. ಮುಚ್ಚಿದ ಮೇಲೆ ಏನಾಗುತ್ತದೆ ನೋಡಿ. ಮೊದಲು ಬರುವವರು ತಾಮ್ರದ ಕಳ್ಳರು. ತಂತಿಗಾಗಿ, ಪೈಪಿಗಾಗಿ ಗೋಡೆ ಸೀಲಿಂಗ್ ಎಲ್ಲ ಒಡೆದು ಹಾಕುತ್ತಾರೆ. ಆಮೇಲೆ ಮಳೆ. ಆಮೇಲೆ ಯಾರೋ ಬೆಂಕಿ ಹಚ್ಚುತ್ತಾರೆ. ಬೆಂಕಿಗೆ ಸಿಕ್ಕಿದ ಸಿಮೆಂಟ್ ಶೀಟು ಪಟಪಟ ಸಿಡಿದು, ಚೂರುಗಳು ಅಂಗಳವೆಲ್ಲ ಚೆಲ್ಲುತ್ತವೆ. ಹಾಗಾಗಿ ‘ಕಟ್ಟಡದೊಳಗೆ ಹೋಗಲ್ಲ, ಹೊರಗಿನ ಹುಲ್ಲಿನಲ್ಲೇ ಓಡಾಡ್ತೀವಿ’ ಅಂದರೂ ಆ ಚೂರುಗಳನ್ನು ತುಳಿಯುತ್ತಲೇ ಇರುತ್ತೀರಿ. ಧೂಳು ಶೂ, ಜಾಕೆಟ್ಟು, ಕೂದಲಿಗೆ ಅಂಟಿ ನಿಮ್ಮ ಕಾರಿಗೂ ಮನೆಗೂ ಬರುತ್ತದೆ. ಕಲ್ನಾರಿನ ಕಾರ್ಖಾನೆಯೊಳಗೆ ಒಂದು ದಿನವೂ ಕಾಲಿಡದೆ, ಗಂಡನ ಕೆಲಸದ ಬಟ್ಟೆ ಒಗೆದು ಒಗೆದೇ ಈ ಕಾಯಿಲೆ ಬಂದ ಹೆಂಗಸರು ಈ ದೇಶದಲ್ಲಿದ್ದಾರೆ.

ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಒಂದೇ ಎಳೆ ಒಳಗೆ ಹೋದರೆ ಸಾವು ಖಚಿತ ಅನ್ನುವುದು ಸುಳ್ಳು. ಅರ್ಧ ಗಂಟೆಯ ಒಂದು ಭೇಟಿಯಿಂದ ಕಾಯಿಲೆ ಬರುವ ಸಾಧ್ಯತೆ ತೀರಾ ಚಿಕ್ಕದು. ಈಗಾಗಲೇ ಇಂಥ ಕಡೆ ಒಮ್ಮೆ ಹೋಗಿ ಬಂದವರು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಮಕ್ಕಳ ಲೆಕ್ಕ ಸ್ವಲ್ಪ ಬೇರೆ. ಅಷ್ಟೇ ಪ್ರಮಾಣದ ಕಲ್ನಾರನ್ನು ಮೂವತ್ತನೇ ವಯಸ್ಸಿನಲ್ಲಿ ಉಸಿರಾಡಿದವರಿಗಿಂತ ಐದನೇ ವಯಸ್ಸಿನಲ್ಲಿ ಉಸಿರಾಡಿದವರಿಗೆ ಜೀವಮಾನದಲ್ಲಿ ಮೆಸೊಥೆಲಿಯೋಮ ಬರುವ ಸಾಧ್ಯತೆ ಸುಮಾರು ಐದು ಪಟ್ಟು ಅಂತ ಬ್ರಿಟಿಷ್ ಸರ್ಕಾರದ ಕ್ಯಾನ್ಸರ್ ತಜ್ಞರ ಸಮಿತಿ 2013ರಲ್ಲಿ ಅಂದಾಜು ಮಾಡಿತು. ಕಾರಣ ಸರಳ. ಮಗುವಿನ ಮುಂದೆ ಇನ್ನೂ ಜಾಸ್ತಿ ವರ್ಷಗಳಿವೆ, ಕಾಯಿಲೆಗೆ ಬೆಳೆಯಲು ಅಷ್ಟು ಸಮಯ ಸಿಗುತ್ತದೆ.

ಮಾಸ್ಕ್ ವಿಷಯ. ಬಟ್ಟೆ ಮಾಸ್ಕ್, ಆಸ್ಪತ್ರೆಯ ನೀಲಿ ಮಾಸ್ಕ್ ಇದಕ್ಕೆ ಏನೇನೂ ಸಾಲದು. ನಾವು ಬಳಸುವ ಎಫ್‌ಎಫ್‌ಪಿ3 ಮಾಸ್ಕ್ ಕೂಡ ಮುಖಕ್ಕೆ ಗಾಳಿ ನುಸುಳದಂತೆ ಕೂತರೆ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೆ ಪರೀಕ್ಷೆ ಇದೆ, ಗಡ್ಡ ಇದ್ದರೆ ಆ ಪರೀಕ್ಷೆ ಪಾಸಾಗುವುದಿಲ್ಲ. ಮಕ್ಕಳ ಮುಖಕ್ಕಂತೂ ಅದನ್ನು ಮಾಡಿಯೇ ಇಲ್ಲ.

ಇಷ್ಟು ಹೇಳಿದರೂ, ನಾನು ಪಾಳು ಕ್ಯಾಂಪಿನಲ್ಲಿ ಹೆಚ್ಚು ಹೆದರುವುದು ಕಲ್ನಾರಿಗಲ್ಲ. ಅದು ನಲವತ್ತು ವರ್ಷದ ಮೇಲಿನ ಮಾತು. ಅವತ್ತೇ ಜೀವ ತೆಗೆಯುವುದು ಬೀಳುವುದು. ಕೆಲವು ವರ್ಷದ ಹಿಂದೆ ಕಡಲತೀರದ ಒಂದು ಮುಚ್ಚಿದ ಕ್ಯಾಂಪಿಗೆ ತಪಾಸಣೆಗೆ ಹೋಗಿದ್ದೆವು. ಬಾಲ್‌ರೂಮಿನ ನೆಲ ನೋಡಲು ಚೆನ್ನಾಗಿಯೇ ಇತ್ತು, ಪಾಲಿಶ್ ಕೂಡ ಇನ್ನೂ ಅಲ್ಲಲ್ಲಿ ಹೊಳೆಯುತ್ತಿತ್ತು. ನನ್ನ ಜೊತೆಗಾರ ನಾಲ್ಕು ಹೆಜ್ಜೆ ಇಟ್ಟಿದ್ದರು ಅಷ್ಟೆ. ಐದನೆಯದಕ್ಕೆ ಒಂದು ಕಾಲು ತೊಡೆಯವರೆಗೆ ಒಳಗೆ ಹೋಯಿತು. ಕೆಳಗಿನ ತೊಲೆಗಳೆಲ್ಲ ಲಡ್ಡಾಗಿದ್ದವು. ಅದರ ಕೆಳಗೆ ಕಪ್ಪು ನೀರು ನಿಂತಿತ್ತು. ಅವರನ್ನು ಎತ್ತಲು ಹಲಗೆ ಹಾಸಿಕೊಂಡು ಹೊಟ್ಟೆಯ ಮೇಲೆ ತೆವಳಬೇಕಾಯಿತು. ನಮಗೆ ಕೆಲಸ ಗೊತ್ತಿತ್ತು, ಹೊರಗೆ ಇನ್ನಿಬ್ಬರು ಇದ್ದರು. ಒಬ್ಬ ಹುಡುಗಿ ಓಡಿ ಹೋಗಿ ಆ ನೆಲದ ಮೇಲೆ ಕುಣಿಯಲು ಶುರುಮಾಡಿದ್ದರೆ ಏನಾಗುತ್ತಿತ್ತು ಅಂತ ನನಗೆ ಆ ರಾತ್ರಿಯೆಲ್ಲ ಯೋಚನೆ.

ಶ್ಯಾಲೆಗಳ ಮಹಡಿಯಲ್ಲಿ ಇರುವುದು ಹೆಚ್ಚಾಗಿ ಮರದ ಹೊಟ್ಟಿನ ಹಲಗೆ. ನೀರು ಕುಡಿದರೆ ರಸ್ಕಿನ ಹಾಗೆ ಉಬ್ಬಿ ಪುಡಿಯಾಗುತ್ತದೆ. ಕಾಂಕ್ರೀಟಿನ ಮೋಲ್ಡು ಇದ್ದರೂ ನಂಬುವಂತಿಲ್ಲ. ಮಂಗಳೂರು, ಕಾರವಾರದ ಕಡೆಯವರಿಗೆ ಇದು ಗೊತ್ತು: ಉಪ್ಪುಗಾಳಿಗೆ ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಕಳಚಿ ಬೀಳಿಸುತ್ತದೆ. ಇನ್ನು ಈಜುಕೊಳದಲ್ಲಿ ಹಸಿರು ನೀರು ನಿಂತಿರುತ್ತದೆ, ಆಳ ಕಾಣುವುದಿಲ್ಲ, ಪಾಚಿಗೆ ಗೋಡೆ ಹಿಡಿದು ಮೇಲೆ ಬರಲು ಆಗುವುದಿಲ್ಲ. ಮ್ಯಾನ್‌ಹೋಲ್ ಮುಚ್ಚಳಗಳು ಗುಜರಿಗೆ ಹೋಗಿರುತ್ತವೆ, ಆ ಗುಂಡಿಯ ಮೇಲೆ ಹುಲ್ಲು ಬೆಳೆದಿರುತ್ತದೆ. ಇಲಿಗಳಿವೆ, ಇಲಿ ಜ್ವರ ಇಲ್ಲೂ ಬರುತ್ತದೆ.

ಕಾನೂನಿನ ಬಗ್ಗೆ ಗಂಡನ ಸ್ನೇಹಿತರು ಹೇಳಿದ್ದು ಅರ್ಧ ಸರಿ. ಇಂಗ್ಲೆಂಡಿನಲ್ಲಿ ಅನುಮತಿಯಿಲ್ಲದೆ ಇನ್ನೊಬ್ಬರ ಜಾಗಕ್ಕೆ ಕಾಲಿಡುವುದು ಸಾಮಾನ್ಯವಾಗಿ ಸಿವಿಲ್ ತಕರಾರು, ಪೊಲೀಸ್ ಕೇಸಲ್ಲ. ಆದರೆ ಬೇಲಿಯನ್ನು ಇನ್ನಷ್ಟು ಹರಿದರೆ, ಬಾಗಿಲು ತಳ್ಳಿ ಮುರಿದರೆ ಅದು ಆಸ್ತಿಗೆ ಹಾನಿ, ಅಪರಾಧ. ನೆನಪಿಗೆ ಅಂತ ಕೋಣೆಯ ನಂಬರ್ ಫಲಕ ಜೇಬಿಗೆ ಹಾಕಿಕೊಂಡರೆ ಕಳ್ಳತನ. ರೈಲ್ವೆ ಜಾಗದಂಥ ಕಡೆ ಕಾಲಿಟ್ಟರೇ ಅಪರಾಧ. ನೀವು ವೀಸಾದ ಮೇಲೆ ಇರುವವರಾದರೆ ಇನ್ನೊಂದು ಮಾತು. ಪೊಲೀಸರ ಅಧಿಕೃತ ಎಚ್ಚರಿಕೆ ಅಥವಾ ಶಿಕ್ಷೆ ಆದರೆ ಮುಂದಿನ ಅರ್ಜಿಯಲ್ಲಿ ಅದನ್ನು ಬರೆಯಬೇಕಾಗುತ್ತದೆ. ಅರ್ಧ ಗಂಟೆಯ ವಿಡಿಯೊಗೆ ಅಷ್ಟು ಬೆಲೆ ಯಾಕೆ, ಅಲ್ವಾ?

ಮಾಲೀಕರ ಅನುಮತಿ ಕೇಳಬಹುದು. ಭೂದಾಖಲೆ ಇಲಾಖೆಯ ವೆಬ್‌ಸೈಟಿನಲ್ಲಿ ಕೆಲವೇ ಪೌಂಡ್ ಕೊಟ್ಟರೆ ಜಾಗ ಯಾರ ಹೆಸರಿನಲ್ಲಿದೆ ಅಂತ ತಿಳಿಯುತ್ತದೆ. ಸಾಮಾನ್ಯವಾಗಿ ಆಗಲ್ಲ ಅಂತಲೇ ಉತ್ತರ ಬರುತ್ತದೆ. ಆಗಲಿ ಅಂದರೆ ಕಲ್ನಾರು ಎಲ್ಲೆಲ್ಲಿದೆ ಅಂತ ಬರೆದಿಟ್ಟ ದಾಖಲೆ ಪುಸ್ತಕ ತೋರಿಸಿ ಅಂತ ಕೇಳಿ. ಇಂಥ ಕಟ್ಟಡಕ್ಕೆ ಅದನ್ನು ಇಟ್ಟುಕೊಳ್ಳುವುದು ಹೊಣೆ ಹೊತ್ತವರ ಕರ್ತವ್ಯ. ತೋರಿಸಲು ಹಿಂದೆಮುಂದೆ ನೋಡಿದರೆ ಅನುಮತಿ ಸಿಕ್ಕರೂ ಹೋಗಬೇಡಿ. ಎಲ್ಲ ಸರಿಯಿದ್ದರೂ ದೊಡ್ಡವರು ಮಾತ್ರ ಹೋಗಿ, ಹತ್ತು ವರ್ಷದ ಮಗು ಬೇಡ.

ಇನ್ನೊಂದು ದಾರಿ, ಬೇಲಿಯ ಹೊರಗಿನಿಂದ ನೋಡುವುದು. ಕರಾವಳಿಯುದ್ದಕ್ಕೂ ಎಲ್ಲರಿಗೂ ತೆರೆದ ಕಾಲುದಾರಿಗಳಿವೆ, ಅಲ್ಲಿಂದ ಫೋಟೊ ತೆಗೆಯಲು ಯಾರ ತಕರಾರೂ ಇಲ್ಲ. ಇಲ್ಲಿ ಎಚ್ಚರ ಬೇಕಾದದ್ದು ಸಮುದ್ರದ ಬಗ್ಗೆ. ನಮ್ಮ ಉಳ್ಳಾಲದ ಕಡಲ್ಕೊರೆತ ನೀವು ಟಿವಿಯಲ್ಲಿ ನೋಡಿರುತ್ತೀರಿ. ಯಾರ್ಕ್‌ಶೈರ್‌ನ ಹೋಲ್ಡರ್‌ನೆಸ್ ಕರಾವಳಿಯಲ್ಲಿ ವರ್ಷಕ್ಕೆ ಸರಾಸರಿ ಎರಡು ಮೀಟರ್‌ನಷ್ಟು ನೆಲ ಸಮುದ್ರಕ್ಕೆ ಹೋಗುತ್ತದೆ. ಜೇಡಿಮಣ್ಣಿನ ದರೆ, ಮಳೆಗಾಲದಲ್ಲಿ ನಮ್ಮ ಮಲೆನಾಡಿನ ದರೆ ಕುಸಿದ ಹಾಗೇ ಕುಸಿಯುತ್ತದೆ. ದರೆಯ ಅಂಚಿಗೂ ಹೋಗಬೇಡಿ, ಕೆಳಗೆ ಅದಕ್ಕೆ ಒರಗಿಯೂ ಕೂರಬೇಡಿ. ಅಲ್ಲೇ ಮ್ಯಾಪಲ್ಟನ್ ಬಳಿಯ ಕೌಡನ್‌ನಲ್ಲಿ ವಾಯುಪಡೆಯ ಹಳೆಯ ಬಾಂಬ್ ಅಭ್ಯಾಸದ ಜಾಗ ಕುಸಿಯುತ್ತ, ಸಿಡಿಯದ ಮದ್ದುಗುಂಡುಗಳು ಬೀಚಿಗೆ ಬೀಳುತ್ತಿವೆ. ಅಲ್ಲಿಗೆ ಹೋಗಲೇಬೇಡಿ. ಬೇರೆ ಬೀಚಿಗಾದರೂ ಹೊರಡುವ ಮೊದಲು ಉಬ್ಬರವಿಳಿತದ ಸಮಯ ನೋಡಿಕೊಳ್ಳಿ. ತೊಂದರೆಯಾದರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕು ಅನ್ನಿ.

ಆದರೆ ನನ್ನ ಮನಸ್ಸಿನಲ್ಲಿರುವುದು ಬೇರೆ ದಾರಿ. ಪಾಳು ಕ್ಯಾಂಪಿನೊಳಗೆ ಹೋದರೆ ನಿಮಗೆ ಏನು ಕಾಣುತ್ತದೆ ಗೊತ್ತಾ? ಮುಚ್ಚುವ ಹಿಂದಿನ ಹತ್ತು ವರ್ಷದ ಕಸ. ಶ್ಯಾಲೆಗಳನ್ನು ಮತ್ತೆ ಮತ್ತೆ ನವೀಕರಿಸುತ್ತ ಬಂದಿದ್ದಾರೆ. ಹಾಗಾಗಿ ಇರುವುದೆಲ್ಲ ಇತ್ತೀಚಿನ ಕಾರ್ಪೆಟ್ಟು, ಒಡೆದ ಟಿವಿ, ಪ್ಲಾಸ್ಟಿಕ್ ಕುರ್ಚಿ, ಬೂಷ್ಟು ಹಿಡಿದ ಹಾಸಿಗೆ. ನಿಮ್ಮ ಅಜ್ಜಿ ಹಾಸಿದ ಹಾಸಿಗೆ, ಅವರು ನೋಡಿದ ಬಣ್ಣ ಅಲ್ಲಿಲ್ಲ. ಆ ಕಾಲವನ್ನು ಹುಡುಕಿ ಹೋದವರಿಗೆ ಅಲ್ಲಿ ಅದು ಸಿಗುವುದಿಲ್ಲ.

ಅದು ಸಿಗುವ ಜಾಗಗಳಿವೆ. ಸ್ಕೆಗ್ನೆಸ್‌ನ ಬಟ್ಲಿನ್ಸ್ ಇವತ್ತೂ ನಡೆಯುತ್ತಿದೆ. 1936ರ ಮೂಲ ಶ್ಯಾಲೆಯೊಂದನ್ನು ಅಲ್ಲಿ ಸಂರಕ್ಷಿತ ಕಟ್ಟಡವಾಗಿ ಉಳಿಸಿದ್ದಾರೆ. ಒಂದು ಕುಟುಂಬ ಎಷ್ಟು ಚಿಕ್ಕ ಜಾಗದಲ್ಲಿ ವಾರವಿಡೀ ಸಂತೋಷವಾಗಿತ್ತು ಅಂತ ಅದನ್ನು ನೋಡಿದರೆ ತಿಳಿಯುತ್ತದೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಹೆರಿಟೇಜ್ ಓಪನ್ ಡೇಸ್ ಅಂತ ನಡೆಯುತ್ತದೆ. ಸಾಮಾನ್ಯವಾಗಿ ಮುಚ್ಚಿರುವ ಎಷ್ಟೋ ಹಳೆಯ ಕಟ್ಟಡಗಳನ್ನು ಆಗ ಪುಕ್ಕಟೆಯಾಗಿ ತೋರಿಸುತ್ತಾರೆ. ಪಾಳು ಕಟ್ಟಡದ ಹುಚ್ಚಿರುವ ನಿಮ್ಮ ಗಂಡನ ಸ್ನೇಹಿತರಿಗೂ ಹೇಳಿ. ‘ಬ್ರಿಟನ್ ಫ್ರಮ್ ಅಬವ್’ ಎಂಬ ವೆಬ್‌ಸೈಟಿನಲ್ಲಿ ವಿಮಾನದಿಂದ ತೆಗೆದ ಹಳೆಯ ಫೋಟೊಗಳಿವೆ. ಜಾನ್ ಹೈಂಡ್ ಎಂಬುವವರ ಸ್ಟುಡಿಯೊ 60, 70ರ ದಶಕದಲ್ಲಿ ಬಟ್ಲಿನ್ಸ್ ಕ್ಯಾಂಪುಗಳ ಬಣ್ಣದ ಪೋಸ್ಟ್‌ಕಾರ್ಡ್ ಮಾಡಿತ್ತು. ಊಟದ ಹಾಲಿನ ಕೆಂಪು, ಕೊಳದ ನೀಲಿ ಎಲ್ಲ ಅವುಗಳಲ್ಲಿ ಕಣ್ಣಿಗೆ ಹೊಡೆಯುವಂತಿವೆ. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಇಂಥ ಕಾರ್ಡುಗಳು ಸಿಗುತ್ತವೆ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಫೈಲಿ ಕ್ಯಾಂಪಿನ ಒಂದು ವಿಮಾನದ ಫೋಟೊ ಹುಡುಕಿ, ದೊಡ್ಡದಾಗಿ ಪ್ರಿಂಟ್ ತೆಗೆಸಿ, ಅಜ್ಜಿಯ ಮುಂದೆ ಮೇಜಿನ ಮೇಲೆ ಹರಡುತ್ತಿದ್ದೆ. ನಿಮ್ಮ ಸಾಲು ಯಾವುದು, ಕೆಲಸದವರು ಎಲ್ಲಿ ಮಲಗುತ್ತಿದ್ದಿರಿ, ರೈಲು ನಿಲ್ದಾಣದಿಂದ ಜನ ಯಾವ ಕಡೆಯಿಂದ ಬರುತ್ತಿದ್ದರು ಅಂತ ಮಗಳೇ ಕೇಳಲಿ. ಒಪ್ಪಿಗೆ ಕೇಳಿ ಫೋನಿನಲ್ಲಿ ಧ್ವನಿ ಹಿಡಿದಿಟ್ಟುಕೊಳ್ಳಿ. ಪೆನ್ಸಿಲ್‌ನಲ್ಲಿ ಅಲ್ಲೇ ಗುರುತು ಹಾಕಿಸಿ. ಆಮೇಲೆ ಬಿಸಿಲಿರುವ ಒಂದು ದಿನ ಅಜ್ಜಿಯನ್ನೂ ಕೂರಿಸಿಕೊಂಡು ಫೈಲಿಗೆ ಹೋಗಿ. ಲೀಡ್ಸ್‌ನಿಂದ ಕಾರಿನಲ್ಲಿ ಒಂದೂವರೆ ಎರಡು ಗಂಟೆಯ ದಾರಿ. ಊರಿನ ದಕ್ಷಿಣಕ್ಕೆ, ಹನ್‌ಮನ್‌ಬಿ ಕಡೆ ಆ ಜಾಗ. ಕಟ್ಟಡ ಇಲ್ಲ, ಆದರೆ ಮರಳು ಅದೇ, ಕೊಲ್ಲಿಯ ತಿರುವು ಅದೇ. ಬೀಚಿನಲ್ಲಿ ನಿಂತು ಫೋಟೊ ಬಿಚ್ಚಿದರೆ, ‘ನಾನು ಕೆಲಸ ಮಾಡುತ್ತಿದ್ದದ್ದು ಅಲ್ಲಿ’ ಅಂತ ಅವರು ಕೈ ತೋರಿಸಬಲ್ಲರು. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡು ಹೋಗಿ. ಅಜ್ಜಿಗೆ ಖಾರ ಕಡಿಮೆ ಇರಲಿ.